ವೈಕಿಂಗ್ ಆಟದ ಡಬ್ಬಿ: ಹಲಗೆ ಚೆನ್ನ, ನಿಯಮದ ಹಾಳೆ ತಿದ್ದಿಕೊಳ್ಳಿ

ತುಮಕೂರಿನ ಆಟಿಕೆ ಅಂಗಡಿಯೊಂದರಲ್ಲಿ 850 ರೂಪಾಯಿಗೆ ಸಿಗುತ್ತಿರುವ ಹ್ನೆಫತಾಫ್ಲ್ ಸೆಟ್ಟಿನ ಡಬ್ಬಿ ಮೇಲೆ ‘ವೈಕಿಂಗ್ ಚೆಸ್’ ಎಂದಿದೆ. ಚದುರಂಗಕ್ಕೂ ಇದಕ್ಕೂ ನಂಟಿಲ್ಲ. ವೈಕಿಂಗರ ನಾಡಾದ ಸ್ಕ್ಯಾಂಡಿನೇವಿಯಾಕ್ಕೆ (ನಾರ್ವೆ, ಸ್ವೀಡನ್ ಕಡೆ) ಚದುರಂಗ ಕಾಲಿಡುವ ಮುಂಚೆಯೇ ಅಲ್ಲಿದ್ದ ಆಟವಿದು. ಆಡು-ಹುಲಿ ಆಟ ಗೊತ್ತಿದ್ದವರಿಗೆ ಬೇಗ ಹಿಡಿಸುತ್ತದೆ: ಎರಡು ಕಡೆಯ ಬಲವೂ ಬೇರೆ, ಗುರಿಯೂ ಬೇರೆ.

ಒಂದು ಮಗ್ಗುಲಲ್ಲಿ 11×11 ಮನೆ. ನಡುವೆ ರಾಜ, ಸುತ್ತ 12 ಕಾವಲುಕಾಯಿ. ಅಂಚಿಗೆ ಆರಾರರಂತೆ 24 ದಾಳಿಕಾಯಿ. ಮೊದಲ ನಡೆ ದಾಳಿಯವರದು. ಎಲ್ಲ ಕಾಯಿಗಳೂ ಚದುರಂಗದ ಆನೆಯ ಹಾಗೆ ನೇರ ನಡೆಯುತ್ತವೆ. ಎದುರಾಳಿಯ ಕಾಯಿಯನ್ನು ಎದುರುಬದುರು ಎರಡು ಕಡೆಯಿಂದ ಅಮುಕಿದರೆ ಅದು ಸತ್ತಿತು; ತಾನಾಗಿಯೇ ಎರಡರ ನಡುವೆ ಹೋಗಿ ನಿಂತರೆ ಸಾಯದು. ಸಿಂಹಾಸನದಲ್ಲೂ (ಹಲಗೆಯ ನಟ್ಟನಡುವಿನ ಮನೆ) ಮೂಲೆಗಳಲ್ಲೂ ರಾಜನ ಹೊರತು ಯಾರೂ ನಿಲ್ಲುವಂತಿಲ್ಲ. ರಾಜ ಮೂಲೆ ಸೇರಿದರೆ ಗೆದ್ದ, ನಾಲ್ಕೂ ಕಡೆಯಿಂದ ಸಿಕ್ಕಿಬಿದ್ದರೆ ಸೋತ.

ಹೊಸಬರು ದಾಳಿಕಾಯಿಗಳನ್ನೆಲ್ಲ ರಾಜನ ಮೇಲೆ ನುಗ್ಗಿಸಿ ಮೂಲೆ ಬಯಲು ಮಾಡಿಬಿಡುತ್ತಾರೆ. ಮೊದಲು ಮೂಲೆ ಕಟ್ಟಬೇಕು. ಮೂಲೆಮನೆ ಬಿಟ್ಟು ಎರಡೂ ಅಂಚಿನ ಎರಡನೇ ಮನೆಯಲ್ಲಿ ಒಂದೊಂದು, ಅವೆರಡರ ನಡುವಿನ ಓರೆಯಲ್ಲಿ ಇನ್ನೊಂದು. ಮೂಲೆಗೆ ಮೂರರಂತೆ 12 ಕಾಯಿ ಸಾಕು. ಕೂತ ಮೇಲೆ ಅವನ್ನು ಅಮುಕಲು ಎದುರಾಳಿಗೆ ಮನೆಯೇ ಸಿಗದು.

ಎಡವಟ್ಟಿರುವುದು ಹಿಂಬದಿಯ 9×9 ಹಲಗೆಯ ಆಟದಲ್ಲಿ. ಅದು ತಬ್ಲುಟ್. 1732ರಲ್ಲಿ ಸಸ್ಯವಿಜ್ಞಾನಿ ಲಿನ್ನೇಯಸ್ ಸ್ಕ್ಯಾಂಡಿನೇವಿಯಾದ ಉತ್ತರದ ಲ್ಯಾಪ್‌ಲ್ಯಾಂಡ್ ಸುತ್ತುವಾಗ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಆಡುವುದನ್ನು ಕಂಡು ಬರೆದಿಟ್ಟದ್ದು. 8 ಕಾವಲು, 16 ದಾಳಿ. ಇಲ್ಲಿ ರಾಜ ಮೂಲೆಗೇ ಹೋಗಬೇಕಿಲ್ಲ, ಯಾವ ಅಂಚು ಮುಟ್ಟಿದರೂ ಗೆದ್ದ. ಹಾಗಾಗಿ ಅವನನ್ನು ಹಿಡಿಯುವುದೂ ಸಲೀಸು: ಸಿಂಹಾಸನದಲ್ಲಿದ್ದರೆ ನಾಲ್ಕು ಕಾಯಿ, ಅದರ ಪಕ್ಕದಲ್ಲಿದ್ದರೆ ಮೂರು, ಬೇರೆಡೆ ಎರಡೇ. 1811ರ ಇಂಗ್ಲಿಷ್ ಅನುವಾದದಲ್ಲಿ ಇದು ಕೆಟ್ಟು, ರಾಜ ಎಲ್ಲಿದ್ದರೂ ನಾಲ್ಕು ಬೇಕೆಂದಾಯಿತು. ಡಬ್ಬಿಯ ಹಾಳೆಯಲ್ಲೂ ಅದೇ ತಪ್ಪು. ಹಾಗೆ ಆಡಿದರೆ ರಾಜ ಸೋಲುವುದೇ ಅಪರೂಪ, ಎರಡನೇ ಸಲಕ್ಕೇ ಬೇಸರ ಬರುತ್ತದೆ. ಆ ಸಾಲಿಗೆ ಗೀಟು ಎಳೆದು ತಿದ್ದಿಕೊಳ್ಳಿ.

ಹಲಗೆ ಸಪಾಟಾಗಿದೆ. ಮನೆ 3 ಸೆಂ.ಮೀ., ಕಾಯಿಯ ತಳ 2, ಬೆರಳಾಡಿಸಲು ಜಾಗವಿದೆ. ಆದರೆ ಎರಡು ಕಡೆಯದೂ ಕಂದು ಬಣ್ಣವೇ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಯಾರ ಕಾಯಿ ಯಾವುದೆಂದು ತಿಳಿಯದು. ಕಳೆದುಹೋದರೆ ಬದಲಿ ಕಾಯಿಯೂ ಇಲ್ಲ. ತುಮಕೂರಿನಲ್ಲಿ ಹುಣಸೆಬೀಜಕ್ಕೇನು ಬರ? ದಾಳಿಯವರಿಗೆ 24 ಬೀಜ ಎಣಿಸಿಟ್ಟುಕೊಳ್ಳಿ. ಚಪ್ಪಟೆಯಾದ ದಪ್ಪ ಬೀಜಗಳನ್ನೇ ಆರಿಸಿ, ಉರುಟಾದವು ಹಲಗೆ ಅಲುಗಿದರೆ ಜಾರುತ್ತವೆ.