ಆಗಸ್ಟ್‌ನಲ್ಲಿ ಹಾಯಿದೋಣಿ ಬಾಡಿಗೆ ಹಿಡಿದು ಸಾಂಟೊರಿನಿಗೆ ಹೊರಟವರಿಗೆ

ಗ್ರೀಸ್‌ನ ಸಿಕ್ಲಾಡೀಸ್ ದ್ವೀಪಗಳಲ್ಲಿ ಒಂದು ವಾರದ ಹಾಯಿದೋಣಿ ಪ್ರವಾಸ ಕೆಡುವುದು ಬಹುತೇಕ ಒಂದೇ ರೀತಿಯಲ್ಲಿ. ಶನಿವಾರ ಸಂಜೆ ಅಥೆನ್ಸ್ ಸಮೀಪದ ಲಾವ್ರಿಯೊದಲ್ಲೋ ಅಲಿಮೊಸ್‌ನಲ್ಲೋ ದೋಣಿ ಕೈಗೆ ಬರುತ್ತದೆ. ಭಾನುವಾರ ಕಿತ್ನೊಸ್, ಸೋಮವಾರ ಪಾರೊಸ್, ಮಂಗಳವಾರ ಇಯೊಸ್, ಬುಧವಾರ ಸಾಂಟೊರಿನಿ. ನಾಲ್ಕೂ ದಿನ ಗಾಳಿ ಬೆನ್ನಿಗಿರುತ್ತದೆ, ದೋಣಿ ತಾನಾಗಿಯೇ ಓಡುತ್ತದೆ, ಎಲ್ಲರೂ ಫೋಟೊದಲ್ಲಿ ನಗುತ್ತಿರುತ್ತಾರೆ. ಗುರುವಾರ ಬೆಳಿಗ್ಗೆ ದೋಣಿಯ ಮೂತಿಯನ್ನು ಉತ್ತರಕ್ಕೆ ತಿರುಗಿಸಿದಾಗ ಗೊತ್ತಾಗುತ್ತದೆ, ಬಂದಷ್ಟು ಸುಲಭವಾಗಿ ವಾಪಸ್ ಹೋಗಲಾಗದು ಎಂದು.

ಕಾರಣ ಮೆಲ್ಟೆಮಿ. ಏಜಿಯನ್ ಕಡಲಿನ ಬೇಸಿಗೆಯ ಈ ಉತ್ತರ ಗಾಳಿ ಜುಲೈ–ಆಗಸ್ಟ್‌ನಲ್ಲಿ ಅತಿ ಜೋರು. ನಮ್ಮ ಮುಂಗಾರಿಗೆ ಇದು ದೂರದ ನೆಂಟ. ಮುಂಗಾರನ್ನು ಎಳೆದು ತರುವ ಕಡಿಮೆ ಒತ್ತಡದ ಪಟ್ಟಿ ಇರಾನ್ ದಾಟಿ ಟರ್ಕಿಯವರೆಗೂ ಚಾಚುತ್ತದೆ. ಅತ್ತ ಬಾಲ್ಕನ್ ನಾಡುಗಳ ಮೇಲೆ ಹೆಚ್ಚು ಒತ್ತಡ. ಎರಡರ ನಡುವೆ ಸಿಕ್ಕ ಕಡಲಿನ ಮೇಲೆ ಗಾಳಿ ನುಗ್ಗುತ್ತದೆ. ಮಲ್ಪೆಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ದೋಣಿಗಳು ಧಕ್ಕೆ ಬಿಡುವುದಿಲ್ಲ. ಗ್ರೀಸ್‌ನಲ್ಲಿ ಗಾಳಿ ಜೋರಾಗಿರುವ ತಿಂಗಳಲ್ಲೇ ದೋಣಿ ಬಾಡಿಗೆಯೂ ಜೋರು!

ಮಳೆಗಾಲದ ಗಾಳಿಗೆ ಮೋಡ ಮುನ್ಸೂಚನೆ ಕೊಡುತ್ತದೆ. ಮೆಲ್ಟೆಮಿ ಬೀಸುವಾಗ ಆಕಾಶ ತೊಳೆದಿಟ್ಟಂತೆ ನೀಲಿ. ಗಾಳಿಯ ಬಲ ಅಳೆಯುವ ಬೋಫೋರ್ಟ್ ಮಾಪನದಲ್ಲಿ 6 ಅಂದರೆ 22ರಿಂದ 27 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.), 7 ಅಂದರೆ 28ರಿಂದ 33. ಆಗಸ್ಟ್‌ನಲ್ಲಿ ಇವೆರಡೂ ಮಾಮೂಲು, ಕೆಲವೊಮ್ಮೆ 8ಕ್ಕೂ ಏರುತ್ತದೆ. ಶುರುವಾದರೆ ಮೂರು ದಿನ ಬೀಸಬಹುದು, ವಾರವೂ ಬೀಸಬಹುದು. ಮುನ್ಸೂಚನೆಯಲ್ಲಿ ಕಾಣುವ ಅಂಕಿ ಸರಾಸರಿ ವೇಗದ್ದು. ನಡುನಡುವೆ ನುಗ್ಗುವ ಬೀಸುಗಳು ಅದಕ್ಕಿಂತ ಹೆಚ್ಚಿರುತ್ತವೆ.

ಲೆಕ್ಕ ಹಾಕಿ. ಸಾಂಟೊರಿನಿಯಿಂದ ಲಾವ್ರಿಯೊಗೆ ನೇರ ಸುಮಾರು 100 ನಾಟಿಕಲ್ ಮೈಲಿ. ಗಾಳಿಗೆ ಎದುರಾಗಿ ಹಾಯಿದೋಣಿ ನೇರ ಹೋಗದು, ಓರೆಯೋರೆಯಾಗಿ ಸಾಗಬೇಕು. ಹಾದಿ 130–140 ಮೈಲಿಗೆ ಬೆಳೆಯುತ್ತದೆ. ಗಂಟೆಗೆ ನಾಲ್ಕೂವರೆ ಮೈಲಿ ಸಾಗಿದರೂ 30 ಗಂಟೆ. ಎಂಜಿನ್ ಹಾಕಿ ನೇರ ಹೋಗೋಣವೆಂದರೆ ಗಿಡ್ಡ, ಕಡಿದಾದ ಅಲೆಗಳು ಒಂದೊಂದೂ ದೋಣಿಯನ್ನು ತಡೆದು ನಿಲ್ಲಿಸುತ್ತವೆ, ವೇಗ ಗಂಟೆಗೆ ಮೂರು ಮೈಲಿಗೆ ಇಳಿಯುತ್ತದೆ. ಒಳಗಿರುವವರಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡು ಮಲಗಿರುತ್ತಾರೆ. ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಶುಕ್ರವಾರ ಸಂಜೆಯೇ ದೋಣಿ ಮೂಲ ಬಂದರಿಗೆ ಬರಬೇಕೆಂದಿರುತ್ತದೆ. ತಡವಾದರೆ ದಂಡ ಡೆಪಾಸಿಟ್‌ನಿಂದ ಕಡಿತ, ಶನಿವಾರದ ವಿಮಾನವೂ ಹೋಯಿತು.

ಇಷ್ಟಾಗಿ ಸಾಂಟೊರಿನಿ ದೋಣಿಯವರಿಗೆ ಆದರದ ಊರೂ ಅಲ್ಲ. ಜ್ವಾಲಾಮುಖಿ ಕುಸಿದು ಉಂಟಾದ ಆ ಕೊಲ್ಲಿ ಕೆಲವೆಡೆ 400 ಮೀಟರಿಗೆ ಹತ್ತಿರದಷ್ಟು ಆಳ, ದಡದ ಬಂಡೆ ನೇರವಾಗಿ ನೀರಿಗಿಳಿಯುತ್ತದೆ. ಬಾಡಿಗೆ ದೋಣಿಯಲ್ಲಿರುವ ಲಂಗರಿನ ಸರಪಳಿ 50–60 ಮೀಟರ್. ಮುಖ್ಯ ಪಟ್ಟಣ ಫಿರಾದ ಕೆಳಗಿನ ಹಳೆ ಬಂದರು ಕ್ರೂಸ್ ಹಡಗುಗಳ ಪುಟ್ಟ ದೋಣಿಗಳಿಗೆ, ಅಥಿನಿಯೊಸ್ ಫೆರಿಗಳಿಗೆ. ಉಳಿಯುವುದು ದಕ್ಷಿಣದ ವ್ಲಿಹಾದ ಎಂಬ ಪುಟ್ಟ ಬಂದರು. ಅದರ ಬಾಯಿ ಕಿರಿದು, ಮರಳು ತುಂಬಿ ಆಳ ಬದಲಾಗುತ್ತಿರುತ್ತದೆ. ತಳ ನೀರಿನೊಳಗೆ ಎರಡು ಮೀಟರ್ ಇಳಿಯುವ ದೋಣಿಯವರು ಮೊದಲೇ ಫೋನ್ ಮಾಡಿ ಆಳವನ್ನೂ ಜಾಗವನ್ನೂ ಕೇಳಿಕೊಳ್ಳದೆ ಹೋಗಬಾರದು. ಸಾಂಟೊರಿನಿ ನೋಡಲೇಬೇಕೆಂದರೆ ದೋಣಿಯನ್ನು ಪಾರೊಸ್‌ನಲ್ಲಿ ಕಟ್ಟಿ, ಬೆಳಗಿನ ಫೆರಿ ಹತ್ತಿ ಹೋಗಿ ಬನ್ನಿ.

ಇನ್ನು ಲಂಗರು. ಯಾವ ದ್ವೀಪಕ್ಕೆ ಹೋದರೂ ಹೆಚ್ಚಿನ ಅನಾಹುತ ಆಗುವುದು ಇಲ್ಲೇ. ನೀರಿನ ಆಳ 6 ಮೀಟರ್, ಮೂತಿಯ ಎತ್ತರ 1 ಮೀಟರ್ ಎಂದಿಟ್ಟುಕೊಳ್ಳಿ, ಒಟ್ಟು 7. ಶಾಂತ ದಿನಕ್ಕೆ ಇದರ ಐದು ಪಟ್ಟು, ಅಂದರೆ 35 ಮೀಟರ್ ಸರಪಳಿ ಬಿಡಬೇಕು; ಮೆಲ್ಟೆಮಿಗೆ ಏಳು ಪಟ್ಟು, 49 ಮೀಟರ್. ಬಹಳ ಜನ 20 ಮೀಟರ್ ಬಿಟ್ಟು ಈಜಲು ಹಾರುತ್ತಾರೆ. ಸರಪಳಿ ತಳದ ಮೇಲೆ ಮಲಗಿದ್ದರೆ ಎಳೆತ ಅಡ್ಡಕ್ಕೆ ಬಂದು ಲಂಗರು ಇನ್ನಷ್ಟು ಹೂತುಕೊಳ್ಳುತ್ತದೆ. ಸರಪಳಿ ಗಿಡ್ಡವಾದರೆ ಎಳೆತ ಮೇಲಕ್ಕೆ ಬಂದು ಕಿತ್ತು ಬರುತ್ತದೆ.

ತಳವನ್ನೂ ನೋಡಬೇಕು. ತಿಳಿ ಹಸಿರು-ನೀಲಿ ಕಂಡಲ್ಲಿ ಮರಳು, ಕಪ್ಪು ಕಂಡಲ್ಲಿ ಪೊಸಿಡೋನಿಯಾ ಎಂಬ ಕಡಲಹುಲ್ಲು. ಹುಲ್ಲಿನ ಮೇಲೆ ಲಂಗರು ಜಾರುತ್ತದೆ, ಅದು ಸಂರಕ್ಷಿತ ಸಸ್ಯವೂ ಹೌದು. ಲಂಗರು ಇಳಿಸಿದ ಮೇಲೆ ಎಂಜಿನ್ನನ್ನು ರಿವರ್ಸ್ ಹಾಕಿ ನಿಧಾನವಾಗಿ ವೇಗ ಏರಿಸಿ, ದಡದ ಮೇಲಿನ ಎರಡು ಗುರುತು ಒಂದೇ ಸಾಲಿನಲ್ಲಿ ಕದಲದೆ ನಿಂತಿವೆಯೇ ನೋಡಿ. ಆಮೇಲೆ ನೀರಿನೊಳಗೆ ನೋಡುವ ಮಾಸ್ಕ್ ಹಾಕಿಕೊಂಡು ಒಬ್ಬರು ಈಜಿ ಹೋಗಿ ಲಂಗರು ಹೂತಿದೆಯೇ ಎಂದು ಕಣ್ಣಾರೆ ಕಾಣಬೇಕು. ಹತ್ತು ನಿಮಿಷದ ಕೆಲಸ.

ಗಾಳಿ ಉತ್ತರದ್ದಾದ್ದರಿಂದ ದ್ವೀಪದ ದಕ್ಷಿಣ ಕೊಲ್ಲಿ ಸುರಕ್ಷಿತ ಎಂಬ ಲೆಕ್ಕ ಅರ್ಧ ಸರಿ. ಅಲೆ ಇರುವುದಿಲ್ಲ, ನಿಜ. ಆದರೆ ಎತ್ತರದ ಗುಡ್ಡವಿದ್ದರೆ ಗಾಳಿ ಅದರ ತಲೆ ದಾಟಿ ಕೆಳಗೆ ಬೀಳುತ್ತದೆ, ಬಯಲು ಕಡಲಿಗಿಂತ ಜೋರಾಗಿ, ದಿಕ್ಕು ಬದಲಿಸುತ್ತ. ತಗ್ಗು ನೆಲದ ಹಿಂದಿನ ಕೊಲ್ಲಿ ಹುಡುಕಿ.

ಊರಿನ ಧಕ್ಕೆಗೆ ಕಟ್ಟುವುದಾದರೆ ಹಿಂಬದಿ ಧಕ್ಕೆಗೆ, ಲಂಗರು ಮುಂದಕ್ಕೆ. ದೋಣಿಯ ಮೂರು-ನಾಲ್ಕು ಉದ್ದದಷ್ಟು ದೂರದಲ್ಲಿ ಲಂಗರು ಇಳಿಸಿ ನೇರ ಹಿಂದೆ ಬರಬೇಕು. ಅಡ್ಡಗಾಳಿಗೆ ಮೂತಿ ಹೊರಳಿತೆಂದರೆ ನಿಮ್ಮ ಸರಪಳಿ ಪಕ್ಕದವರ ಸರಪಳಿಯ ಮೇಲೆ ಕೂತಿತು. ಬೆಳಿಗ್ಗೆ ಎತ್ತುವಾಗ ಅವರದ್ದೂ ಜೊತೆಗೆ ಬರುತ್ತದೆ. ಆಗ ಗಾಬರಿಯಾಗಿ ಎಳೆದಾಡಬೇಡಿ. ಅವರ ಸರಪಳಿಯ ಅಡಿಯಿಂದ ಹಗ್ಗ ತೂರಿಸಿ ಎರಡೂ ತುದಿ ದೋಣಿಗೆ ಬಿಗಿದು, ನಿಮ್ಮ ಲಂಗರನ್ನು ಒಂದು ಮೀಟರ್ ಕೆಳಗೆ ಬಿಟ್ಟು ಬಿಡಿಸಿಕೊಂಡು, ಹಗ್ಗದ ಒಂದು ತುದಿ ಸಡಿಲಿಸಿ. ಬೆರಳುಗಳು ಸರಪಳಿಯಿಂದ ದೂರವಿರಲಿ.

ದೋಣಿ ಲಂಗರಿನ ಮೇಲಿರುವಾಗ ಎಲ್ಲರೂ ಒಟ್ಟಿಗೆ ಊರು ನೋಡಲು ಹೋಗುವುದು ಬೇಡ. ಎಂಜಿನ್ ಶುರು ಮಾಡಿ, ಲಂಗರೆತ್ತಿ, ದೋಣಿ ನಡೆಸಬಲ್ಲ ಒಬ್ಬರು ದೋಣಿಯಲ್ಲೇ ಇರಬೇಕು. ಮಧ್ಯಾಹ್ನ ಇಳಿದವರು ಸಂಜೆ ಬರುವಷ್ಟರಲ್ಲಿ ಗಾಳಿ ಏರಿ, ಡಿಂಗಿಯಲ್ಲಿ (ದಡಕ್ಕೆ ಹೋಗಿಬರುವ ಪುಟ್ಟ ದೋಣಿ) ಮರಳುವುದೇ ಕಷ್ಟವಾದೀತು. ಟಾರ್ಚ್, ಕೈಯಲ್ಲಿ ಹಿಡಿಯುವ ವಿಎಚ್ಎಫ್ ರೇಡಿಯೊ, ಲೈಫ್ ಜಾಕೆಟ್ ಡಿಂಗಿಯಲ್ಲಿರಲಿ. ತುರ್ತು ಚಾನೆಲ್ 16, ಗ್ರೀಕ್ ಕರಾವಳಿ ಪಡೆಯ ಫೋನ್ 108. ದ್ವೀಪದಲ್ಲಿ ಸ್ಕೂಟರ್ ಹಿಡಿಯುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿನ ಆರ್‌ಟಿಒದಲ್ಲೇ ಮಾಡಿಸಿಕೊಂಡು ಹೋಗಬೇಕು.

ಹಾಗಾದರೆ ಎಲ್ಲಿಗೆ ಹೋಗುವುದು? ಆಗಸ್ಟ್ ಬಿಟ್ಟರೆ ರಜೆ ಇಲ್ಲದವರು ಈಜಿನಾ, ಪೊರೊಸ್, ಹೈಡ್ರಾ ಇರುವ ಸರೋನಿಕ್ ಕೊಲ್ಲಿ ಹಿಡಿಯಿರಿ, ಅಲ್ಲಿ ಮೆಲ್ಟೆಮಿಯ ಕಾಟ ಕಡಿಮೆ. ಅಥವಾ ಪಶ್ಚಿಮದ ಅಯೋನಿಯನ್ ಕಡಲಿನ ಲೆಫ್ಕಾದ, ಇಥಾಕಾ. ಸಿಕ್ಲಾಡೀಸೇ ಬೇಕೆಂದರೆ ಜೂನ್ ಮೊದಲಾರ್ಧ, ಇಲ್ಲವೇ ಸೆಪ್ಟೆಂಬರ್ ಕೊನೆ. ದೋಣಿ ನಡೆಸುವ ಸ್ಕಿಪ್ಪರನ್ನು ಸಂಬಳಕ್ಕೆ ಕರೆದುಕೊಂಡಿದ್ದರೆ (ಅವರಿಗೆ ಮಲಗುವ ಜಾಗ, ಊಟ ನಿಮ್ಮದೇ ಖರ್ಚು) ಅವರು ಬೇಡವೆಂದ ದಿನ ಹೊರಡಿ ಎಂದು ಪೀಡಿಸಬೇಡಿ.

ಆಗಸ್ಟ್ ಪ್ರವಾಸಕ್ಕೆ ಈಗಾಗಲೇ ಮುಂಗಡ ಕೊಟ್ಟಾಗಿದ್ದರೆ ಮಂಗಳವಾರ ರಾತ್ರಿ ಕೂತು ಮುನ್ಸೂಚನೆ ನೋಡಿ. ಗುರುವಾರಕ್ಕೆ 6 ಅಥವಾ ಹೆಚ್ಚು ಎಂದಿದ್ದರೆ, ಎಲ್ಲಿದ್ದೀರೋ ಅಲ್ಲಿಂದಲೇ ಬುಧವಾರ ಬೆಳಗಿನ ಜಾವ ಉತ್ತರಕ್ಕೆ ಹೊರಡಿ. ಅಷ್ಟರಲ್ಲೇ ಗಾಳಿ ಎದ್ದು ಸಿಕ್ಕಿಹಾಕಿಕೊಂಡಿರಾದರೆ ದೋಣಿ ಕೊಟ್ಟವರಿಗೆ ಆ ದಿನವೇ ಫೋನ್ ಮಾಡಿ. ದೋಣಿಯನ್ನು ಅಲ್ಲೇ ಬಿಟ್ಟು ಫೆರಿಯಲ್ಲಿ ಬನ್ನಿ, ಆಮೇಲೆ ತರಿಸಿಕೊಳ್ಳುತ್ತೇವೆ ಎಂದು ಅವರು ಒಪ್ಪಿದರೆ ಖರ್ಚೆಷ್ಟು ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.