ಹಳೇ ಲ್ಯಾಪ್‌ಟಾಪ್ ಕೊಳ್ಳುವವರೇ, ‘ಪಾಸ್ಡ್’ ಅನ್ನೋ ಸಾಲನ್ನು ನಂಬಬೇಡಿ

ಹಳೇ ಲ್ಯಾಪ್‌ಟಾಪ್ ಕೊಂಡು ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ತಂಗಿಯ ಓದಿಗೆ ಅಂತ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಂದು ತಗೊಂಡೆವು. ಮಾರುವವರು ನಮ್ಮೆದುರೇ ಹಾರ್ಡ್ ಡಿಸ್ಕಿನ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಲೆಕ್ಕ) ತೆಗೆದು, ‘ಪಾಸ್ಡ್’ ಅನ್ನೋ ಸಾಲಿನ ಮೇಲೆ ಬೆರಳಿಟ್ಟು, "ನೋಡಿ ಸಾರ್, ಹೊಸದರ ಹಾಗಿದೆ" ಅಂದರು. ತಿಂಗಳು ತುಂಬುವುದರೊಳಗೆ ಫೈಲ್ ತೆರೆದರೆ ಇಡೀ ಮಷೀನ್ ನಿಂತುಹೋಗುತ್ತಿತ್ತು, ಲಿನಕ್ಸ್ ಬರೆದಿಡುವ ಕರ್ನಲ್ ಲಾಗ್ ನೋಡಿದರೆ ಸಾಲುಸಾಲು ಐ/ಓ ಎರರ್, ಅಂದರೆ ಡಿಸ್ಕಿನಿಂದ ಓದೋಕೆ ಆಗ್ತಿಲ್ಲ ಅನ್ನೋ ದೂರು. ಅವಳ ಪ್ರಾಜೆಕ್ಟ್ ರಿಪೋರ್ಟ್ ಹೋಯಿತು. ವಾಪಸ್ ಅಂಗಡಿಗೆ ಹೋದರೆ, ಲಿನಕ್ಸ್ ಹಾಕಿದ್ದಕ್ಕೇ ಹೀಗಾಗಿದ್ದು ಅಂದುಬಿಟ್ಟರು! ಸೆಕ್ಟರ್ (ಡಿಸ್ಕಿನಲ್ಲಿ ಡೇಟಾ ಕೂರುವ ಪುಟ್ಟ ಜಾಗ) ಕೆಡುವುದು ಡಿಸ್ಕಿನ ಒಳಗೆ, ಅದಕ್ಕೂ ಲಿನಕ್ಸಿಗೂ ಸಂಬಂಧವೇ ಇಲ್ಲ.

ವಿಷಯ ಏನಂದರೆ, ಕಂಪನಿಯವರು ಇಟ್ಟ ಮಿತಿಗೆ ಯಾವುದಾದರೂ ಮುಖ್ಯ ಅಂಶದ ಸ್ಕೋರ್ (ಡಿಸ್ಕ್ ಕೆಟ್ಟಂತೆ ಕಮ್ಮಿಯಾಗುವ ಅಂಕ) ಇಳಿಯುವವರೆಗೂ ಆ ಸಾಲು ‘ಪಾಸ್ಡ್’ ಅಂತಲೇ ಇರುತ್ತದೆ. ಅದರ ಕೆಳಗಿರುವ ಪಟ್ಟಿಯಲ್ಲಿ 5, 197, 198 ಅನ್ನೋ ಐಡಿ ನಂಬರಿನ ಸಾಲುಗಳಲ್ಲಿ ರಾ ವ್ಯಾಲ್ಯೂ, ಅಂದರೆ ಸ್ಕೋರ್ ಅಲ್ಲದೆ ನೇರವಾಗಿ ಎಣಿಸಿದ ಅಂಕಿ ನೋಡಿ. 5 ಅಂದರೆ ಕೆಟ್ಟು, ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು. 197 ಅಂದರೆ ಓದಲು ಬಾರದೆ ಹಾಗೇ ಉಳಿದಿರುವವು. 198 ಅಂದರೆ ಡಿಸ್ಕ್ ತಾನೇ ಪರೀಕ್ಷಿಸಿದಾಗಲೂ ಸರಿಪಡಿಸಲಾಗದವು. 197ಕ್ಕೆ ಸಾಮಾನ್ಯವಾಗಿ ಸ್ಕೋರಿನ ಮಿತಿಯೇ ಸೊನ್ನೆ, ಸ್ಕೋರ್ ಅಷ್ಟು ಕೆಳಗೆ ಇಳಿಯುವುದಿಲ್ಲ, ಹಾಗಾಗಿ ರಾ ವ್ಯಾಲ್ಯೂ ನೂರಾರು ಆದರೂ ‘ಪಾಸ್ಡ್’ ಹೋಗದೆ ಇರಬಹುದು. ನಮ್ಮದರಲ್ಲಿ ಆಗಿದ್ದೂ ಇದೇ. ಈ ಮೂರರಲ್ಲಿ ಒಂದಾದರೂ ಸೊನ್ನೆ ಅಲ್ಲದಿದ್ದರೆ ಆ ಡಿಸ್ಕ್ ಬೇಡವೇ ಬೇಡ.

ಅಂಗಡಿಗೆ ಹೋಗುವಾಗ ಉಬುಂಟು (ಲಿನಕ್ಸಿನ ಒಂದು ಬಗೆ) ಹಾಕಿದ ಪೆನ್‌ಡ್ರೈವ್ ಒಯ್ಯಿರಿ. ಅದರಿಂದ ‘ಟ್ರೈ’ ಅಂತ ಬೂಟ್ ಮಾಡಿದರೆ ಲ್ಯಾಪ್‌ಟಾಪಿನ ಡಿಸ್ಕಿಗೆ ಏನೂ ಇನ್‌ಸ್ಟಾಲ್ ಆಗುವುದಿಲ್ಲ, ಡಿಸ್ಕ್ಸ್ ಆ್ಯಪ್‌ನಲ್ಲೇ ಆ ಪಟ್ಟಿ ಸಿಗುತ್ತದೆ. ಲ್ಯಾಪ್‌ಟಾಪ್ ಎಷ್ಟು ಬಿಸಿಯಾಗುತ್ತದೆ ಅಂತ ನೋಡಲು ಎಲ್ಎಂ-ಸೆನ್ಸರ್ಸ್ ಅನ್ನೋ ಪ್ರೋಗ್ರಾಂ ಹಾಕಿ, ಟರ್ಮಿನಲ್‌ನಲ್ಲಿ ‘ಸೆನ್ಸರ್ಸ್’ ಅಂತ ಟೈಪ್ ಮಾಡಿ. ಸುಮ್ನೆ ಇದ್ದಾಗ ತೋರಿಸುವ ಡಿಗ್ರಿ ಲೆಕ್ಕಕ್ಕಿಲ್ಲ. ಒಂದು ವಿಡಿಯೊ ಹತ್ತು ನಿಮಿಷ ಓಡಿಸಿ ಮತ್ತೆ ನೋಡಿ, 90 ದಾಟಿ ಅಲ್ಲೇ ಕೂತರೆ ಫ್ಯಾನಿನ ಹತ್ತಿರ ಧೂಳು ಕಟ್ಟಿದೆ, ಇಲ್ಲವೇ ಪ್ರೊಸೆಸರ್ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದೆ ಅಂತಲೇ ಹೆಚ್ಚಾಗಿ ಅರ್ಥ. ಅದನ್ನು ಸರಿ ಮಾಡಿಸಬಹುದು ಬಿಡಿ, ಖರ್ಚೂ ಜಾಸ್ತಿ ಆಗುವುದಿಲ್ಲ. ಡಿಸ್ಕ್ ಹಾಗಲ್ಲ.

ಈಗಾಗಲೇ ಮನೆಯಲ್ಲಿರುವ ಲ್ಯಾಪ್‌ಟಾಪಿನಲ್ಲಿ 197 ಏರುತ್ತಾ ಇದ್ದರೆ ಟೆಸ್ಟು, ರಿಪೇರಿ ಅಂತ ಶುರು ಮಾಡಲೇಬೇಡಿ. ಮೊದಲು ಫೋಟೊ, ದಾಖಲೆ ಎಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ, ಇವತ್ತೇ.