ಒಟಿಪಿ ಯಾರಿಗೂ ಹೇಳಲಿಲ್ಲ, ಆದರೂ ಅಮ್ಮನ ಖಾತೆ ಬರಿದಾಯಿತು

ನನ್ನ ತಾಯಿಯ ಬಳಿ ಎಟಿಎಂ ಕಾರ್ಡ್ ಇಲ್ಲ, ಫೋನಿನಲ್ಲಿ ಹಣ ಕಳುಹಿಸುವ ಆ್ಯಪ್ ಇಲ್ಲ, ಗುರುತಿಲ್ಲದವರ ಕರೆಯನ್ನು ಅವರು ಎತ್ತುವುದೂ ಇಲ್ಲ. ಆದರೂ ಕಳೆದ ವರ್ಷ ಅವರ ಉಳಿತಾಯ ಖಾತೆಯಿಂದ ದಿನಕ್ಕೆ ಹತ್ತು ಸಾವಿರದಂತೆ ಮೂರು ದಿನಗಳಲ್ಲಿ 30,000 ರೂಪಾಯಿ ಹೋಯಿತು. ಬ್ಯಾಂಕಿನ ಸಂದೇಶಗಳು ಇಂಗ್ಲಿಷಿನಲ್ಲಿದ್ದುದರಿಂದ ಜಾಹೀರಾತುಗಳೆಂದು ಅವರು ಸುಮ್ಮನಿದ್ದರು. ಗೌರಿ ಹಬ್ಬಕ್ಕೆಂದು ಊರಿಗೆ ಹೋದ ನಾನು ಅವರ ಫೋನ್ ನೋಡಿದಾಗಲೇ ವಿಷಯ ತಿಳಿದದ್ದು.

ಶಾಖೆಗೆ ಹೋದರೆ, “ಬೆರಳಚ್ಚು ಹೊಂದಿಕೆಯಾಗಿದೆ, ನಿಮ್ಮ ತಾಯಿಯೇ ಹೆಬ್ಬೆಟ್ಟು ಒತ್ತಿ ತೆಗೆದಿದ್ದಾರೆ” ಎಂದರು. ಹಣ ತೆಗೆದ ಸಮಯದಲ್ಲಿ ಅಮ್ಮ ಮನೆಯಲ್ಲಿ ನನ್ನ ಕಣ್ಣೆದುರೇ ಬಾಗಿನದ ಮೊರ ಸಿದ್ಧಪಡಿಸುತ್ತಿದ್ದರು. ಶಾಖೆಯವರು ಅಮ್ಮನನ್ನೇ ಅನುಮಾನಿಸಿದ ಆ ಕ್ಷಣ ಹಣ ಹೋದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ನಡೆದದ್ದು ಇಷ್ಟು. ಆಧಾರ್ ಜೋಡಣೆಯಾದ ಖಾತೆಯಿಂದ ಹಳ್ಳಿಯ ಬ್ಯಾಂಕ್ ಮಿತ್ರರ (ಬ್ಯಾಂಕಿನ ಏಜೆಂಟರ) ಬಳಿಯಿರುವ ಮೈಕ್ರೋ ಎಟಿಎಂ ಎಂಬ ಚಿಕ್ಕ ಯಂತ್ರದ ಮೂಲಕ ಹಣ ತೆಗೆಯಬಹುದಾದ ಎಇಪಿಎಸ್ (ಆಧಾರ್ ಆಧಾರಿತ ಪಾವತಿ) ಎಂಬ ವ್ಯವಸ್ಥೆಯಿದೆ. ಇದಕ್ಕೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಸಾಕು. ಒಟಿಪಿಯೂ ಬೇಡ, ಪಿನ್ನೂ ಬೇಡ. ದೂರದ ಊರುಗಳಲ್ಲಿ ಪಿಂಚಣಿ ಪಡೆಯುವ ಹಿರಿಯರಿಗೆ ಇದು ನಿಜಕ್ಕೂ ಉಪಕಾರಿ. ಆದರೆ ಕಾಗದದ ಮೇಲಿನ ಅಚ್ಚಿನಿಂದ ಕಳ್ಳರು ಸಿಲಿಕೋನ್ ಬೆರಳನ್ನು ತಯಾರಿಸಿ ಯಂತ್ರಕ್ಕೆ ಒತ್ತುತ್ತಾರೆ. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರು ಹೀಗೆಯೇ ಹಣ ಕಳೆದುಕೊಂಡು ಪೊಲೀಸರಿಗೆ ದೂರು ಕೊಟ್ಟಿದ್ದರು. ಅಮ್ಮನೂ ಕೆಲವು ತಿಂಗಳ ಹಿಂದೆ ನಿವೇಶನ ಮಾರಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರು, ಅದರ ಜೊತೆಗೆ ಆಧಾರ್ ಪ್ರತಿಯನ್ನೂ ಕೊಟ್ಟಿದ್ದರು. ಅಚ್ಚು ಅಲ್ಲಿಂದಲೇ ಹೋಯಿತೆಂದು ನಮ್ಮ ಪ್ರಕರಣದಲ್ಲಿ ಸಾಬೀತಾಗಿಲ್ಲ.

ಆದ್ದರಿಂದ ದಯವಿಟ್ಟು ಇಂದೇ ನಿಮ್ಮ ಹಾಗೂ ಮನೆಯ ಹಿರಿಯರ ಆಧಾರ್ ಬಯೋಮೆಟ್ರಿಕ್ ಅನ್ನು, ಅಂದರೆ ಬೆರಳಚ್ಚಿನಂಥ ದೇಹದ ಗುರುತುಗಳನ್ನು, ಲಾಕ್ ಮಾಡಿಸಿ; ಆಗ ಬೆರಳಚ್ಚು ಒತ್ತಿ ಹಣ ತೆಗೆಯಲಾಗದು. ಎಂ-ಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಇದಕ್ಕೆ ಐದು ನಿಮಿಷ ಸಾಕು, ಶುಲ್ಕವೂ ಇಲ್ಲ. ಆದರೆ ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಅಲ್ಲಿಯೇ ಸಿಗುವ ದೃಢೀಕರಣದ ಇತಿಹಾಸದಲ್ಲಿ ನಿಮ್ಮ ಆಧಾರ್ ಯಾವ ದಿನ, ಎಷ್ಟು ಹೊತ್ತಿಗೆ ಬಳಕೆಯಾಯಿತು ಎಂಬುದು ಕಾಣುತ್ತದೆ. ಪ್ರತಿ ಕೊಡಲೇಬೇಕಾದ ಕಡೆ, ಅವರು ಒಪ್ಪುವುದಾದರೆ, ಕೊನೆಯ ನಾಲ್ಕು ಅಂಕಿಗಳು ಮಾತ್ರ ತೋರುವ ಮಾಸ್ಕ್ ಮಾಡಿದ ಆಧಾರ್ ಕೊಡಿ.

ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ತಪ್ಪಿನಿಂದ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರು ನಷ್ಟ ಹೊರಬೇಕಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿತ್ತು. ಗ್ರಾಹಕರೇ ಹೊಣೆ ಎಂದು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲಿದೆ ಎಂಬ ಅದರ ಸಾಲನ್ನು ಮುದ್ರಿಸಿ ಅರ್ಜಿಗೆ ಲಗತ್ತಿಸಿದ ಮೇಲೆಯೇ ನಮ್ಮ ದೂರನ್ನು ಶಾಖೆಯವರು ಸ್ವೀಕರಿಸಿದರು. ಹಣ ಮರಳಲು ಎರಡೂವರೆ ತಿಂಗಳು ಹಿಡಿಯಿತು.

ಲಾಕ್ ಮಾಡಿದರೆ ಪಡಿತರಕ್ಕೆ ಬೆರಳು ಒತ್ತಲಾಗದೆಂದು ಕೆಲವರು ಹಿಂಜರಿಯುತ್ತಾರೆ. ಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು, ಅದು ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಎಂ-ಆಧಾರ್ ಕನ್ನಡದಲ್ಲಿಯೂ ಇರುವುದರಿಂದ ಅಮ್ಮ ಈಗ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತೇ ಅದನ್ನು ತಾವೇ ತೆರೆಯುತ್ತಾರೆ.